ಅರ್ಧ ಡಬ್ಬಿ ಮಾಂಸ

27 ಜುಲೈ 2025, ಭಾನುವಾರ
ಕೊಡಗಿನ ನಾಪೋಕ್ಲು ಸಮೀಪ

ಶುಕ್ರವಾರ ರಾತ್ರಿ ತೋಟದ ಅಂಚಿನ ಸಿಲ್ವರ್ ಮರವೊಂದು ತಂತಿಯ ಮೇಲೆ ಬಿದ್ದಂದಿನಿಂದ ನಮ್ಮ ಮನೆಗೆ ಕರೆಂಟಿಲ್ಲ. ಫ್ರಿಜ್ಜಿನಲ್ಲಿದ್ದ ಮೀನನ್ನು ನಿನ್ನೆಯೇ ಸಾರು ಮಾಡಿ ಮುಗಿಸಿದೆವು. ಕಣಿಲೆಯೂ ಕೆಸುವಿನ ಸೊಪ್ಪೂ ಎರಡೆರಡು ಸಲ ಆಗಿವೆ. ಪೇಟೆಗೆ ಹೋಗುವ ದಾರಿಯಲ್ಲಿ ನೀರು ನಿಂತಿರುವುದರಿಂದ ಮಾಂಸದಂಗಡಿಯ ಯೋಚನೆಯನ್ನು ಬಿಟ್ಟೆ. ಶ್ರಾವಣ ಹುಟ್ಟಿ ಮೂರು ದಿನವಾಯಿತು, ಇನ್ನೂ ಮಾಂಸದ ಚಿಂತೆಯೇ ಎಂದು ಮೈಸೂರಿನ ಗೆಳತಿ ಕೇಳಿಯಾಳು. ಆದರೆ ನಮ್ಮ ಲೆಕ್ಕ ಸೌರಮಾನದ್ದು, ಇಲ್ಲಿ ಈಗ ನಡೆಯುತ್ತಿರುವುದು ಕಕ್ಕಡ ಮಾಸ. ಈ ಚಳಿಗೆ ಮೈ ಬಿಸಿ ಮಾಡುವುದನ್ನು ತಿನ್ನಬೇಕೆಂದೇ ಹಿರಿಯರು ಹೇಳುತ್ತಿದ್ದರು.

ಹೀಗಾಗಿ ಇಂದು ಮಧ್ಯಾಹ್ನ, ಪುತ್ತರಿ ಹಬ್ಬಕ್ಕೆ ಬಂದಿದ್ದ ಮಗ ಬೆಂಗಳೂರಿನ ಅಂಗಡಿಯೊಂದರಿಂದ ತಂದುಕೊಟ್ಟು ಹೋಗಿದ್ದ, ನಾನು ಏಳು ತಿಂಗಳಿಂದ ಅಕ್ಕಿ ಡಬ್ಬದ ಹಿಂದೆ ಸರಿಸಿಟ್ಟಿದ್ದ ಸ್ಪ್ಯಾಮ್ ಎಂಬ ಹಂದಿ ಮಾಂಸದ ಡಬ್ಬಿಯನ್ನು ಹೊರಗೆ ತೆಗೆದೆ. ಇಮೇಲಿನಲ್ಲಿ ಬರುವ ಕಸಕ್ಕೂ ಇದೇ ಹೆಸರು ಎಂದು ಮಗ ಆಗ ನಕ್ಕಿದ್ದ. ಅದರ ಬೆಲೆ ಕೇಳಿದಾಗ ನನಗೆ ನಗು ಬಂದಿರಲಿಲ್ಲ; ಆ ದುಡ್ಡಿಗೆ ನಮ್ಮ ಪೇಟೆಯಲ್ಲಿ ಒಂದು ಕಿಲೋಗಿಂತ ಹೆಚ್ಚು ಹಂದಿ ಮಾಂಸ, ಚರ್ಮ ಕೊಬ್ಬು ಸಹಿತ, ಸಿಗುತ್ತದೆ.

ಮುಚ್ಚಳದ ಉಂಗುರವನ್ನು ಎಳೆದಾಗ ಅಂಟು ಅಂಟಾದ ಲೋಳೆಯೊಂದಿಗೆ, ಡಬ್ಬಿಯದೇ ಆಕಾರದ ಗುಲಾಬಿ ಬಣ್ಣದ ಗಟ್ಟಿ ತಟ್ಟೆಗೆ ಜಾರಿ ಬಿದ್ದಿತು. ಅತ್ತೆ ಕನ್ನಡಕವನ್ನು ಸರಿಪಡಿಸಿಕೊಂಡು ಅದನ್ನು ಸುತ್ತಲಿಂದಲೂ ನೋಡಿ, “ಇದರಲ್ಲಿ ಚರ್ಮ ಎಲ್ಲಿ, ಮೂಳೆ ಎಲ್ಲಿ? ಸೋಪಿನ ಹಾಗಿದೆ,” ಎಂದರು. ಎಂಟು ಹೋಳು ಮಾಡಿ, ನಾಲ್ಕನ್ನು ಎಣ್ಣೆಯಿಲ್ಲದ ಕಾವಲಿಯ ಮೇಲೆ ಹಾಕಿದೆ. ಅದರದೇ ಕೊಬ್ಬು ಕರಗಿ, ಅಂಚುಗಳು ಕಂದಾಗಿ ಗರಿಗರಿಯಾದವು. ಅಕ್ಕಿ ರೊಟ್ಟಿಯೊಳಗಿಟ್ಟು, ಮೇಲೆ ಎರಡು ಹನಿ ಕಾಚಂಪುಳಿ ಎಂಬ ಕಪ್ಪು ಹುಳಿ ಬಿಟ್ಟು ತಿಂದೆ. ಬಹಳ ರುಚಿಯಾಗಿತ್ತು, ಮತ್ತು ಹಾಗೆ ಒಪ್ಪಿಕೊಳ್ಳುವುದಕ್ಕೆ ನನಗೆ ನಾಚಿಕೆಯಾಗುತ್ತಿದೆ. ಅತ್ತೆ ಒಂದು ಚೂರನ್ನು ಮಾತ್ರ ಬಾಯಿಗಿಟ್ಟು ಉಪ್ಪೆಂದು ತಟ್ಟೆ ಸರಿಸಿದರು. ನಾಲ್ಕೂ ಹೋಳುಗಳು ನನ್ನ ಪಾಲಾದವು.

ಉಪ್ಪಿನ ವಿಷಯದಲ್ಲಿ ಅವರ ನಾಲಿಗೆ ಸುಳ್ಳು ಹೇಳಿರಲಿಲ್ಲ. ತಿಂದ ಮೇಲೆ, ತಿನ್ನುವ ಮೊದಲಲ್ಲ, ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದಿದೆ. ಡಬ್ಬಿ 340 ಗ್ರಾಮಿನದು; 56 ಗ್ರಾಮಿನ ಒಂದು ಪಾಲಿಗೆ 790 ಮಿಲಿಗ್ರಾಂ ಸೋಡಿಯಂ. ಅರ್ಧ ಡಬ್ಬಿಯೆಂದರೆ ಮೂರು ಪಾಲು, ಅಂದರೆ 2370 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನವೊಂದಕ್ಕೆ 2000 ಮಿಲಿಗ್ರಾಮಿಗಿಂತ ಕಡಿಮೆ ಸೋಡಿಯಂ, ಎಂದರೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಎಂದು ಹೇಳುತ್ತದೆ. ಬೆಳಿಗ್ಗೆ ಬಿಪಿ ಮಾತ್ರೆ ನುಂಗಿ, ಮಧ್ಯಾಹ್ನ ಒಂದೇ ಊಟದಲ್ಲಿ ಆ ಮಿತಿಯನ್ನು ದಾಟಿದವಳು ನಾನು.

ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರ ಅಕ್ಟೋಬರಿನಲ್ಲಿ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿನ್ನುವ ರೂಢಿಯಿದ್ದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಸುಮಾರು 18 ಶೇಕಡಾ ಏರುತ್ತದೆ ಎಂದಿತು. ಹೊಗೆಸೊಪ್ಪು ಇರುವುದೂ ಅದೇ ಗುಂಪಿನಲ್ಲೇ, ಆದರೆ ಆ ಗುಂಪು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆಯೇ ಹೊರತು ಎರಡೂ ಒಂದೇ ಪ್ರಮಾಣದಲ್ಲಿ ಅಪಾಯಕಾರಿ ಎಂದಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಸಂಸ್ಕರಿತ ಎಂಬ ಮಾತಿಗೆ ಅವರು ಕೊಟ್ಟ ಅರ್ಥ: ಉಪ್ಪು ಹಾಕಿದ್ದು, ಹುದುಗು ಬರಿಸಿದ್ದು, ಹೊಗೆಯಲ್ಲಿ ಒಣಗಿಸಿದ್ದು ಎಲ್ಲವೂ ಅದರೊಳಗೆ ಬರುತ್ತವೆ. ಹಾಗಾದರೆ ಒಲೆಯ ಮೇಲಿನ ಅಟ್ಟದಲ್ಲಿ ಉಪ್ಪು ಅರಿಸಿನ ಸವರಿದ ಮಾಂಸವನ್ನು ವಾರಗಟ್ಟಲೆ ಹೊಗೆಗೆ ತೂಗುಹಾಕಿ, ಮಳೆಗಾಲದಲ್ಲಿ ಕೊಯ್ದು ಹುರಿಯುತ್ತಿದ್ದ ನನ್ನ ಅಜ್ಜಿಯೂ ಅದೇ ಪಟ್ಟಿಯಲ್ಲಿದ್ದಾಳೆ. ನಮ್ಮದು ಮನೆಯದ್ದು, ಆದ್ದರಿಂದ ಶುದ್ಧ ಎಂದು ವಾದಿಸುವ ಹಕ್ಕು ನನಗೆ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಡಬ್ಬಿಯ ಪದಾರ್ಥಗಳ ಪಟ್ಟಿಯಾದರೂ ಬೆದರಿಸುವಷ್ಟು ಉದ್ದವಿಲ್ಲ: ಹಂದಿ ಮಾಂಸ, ಉಪ್ಪು, ನೀರು, ಆಲೂಗಡ್ಡೆ ಪಿಷ್ಟ, ಸಕ್ಕರೆ, ಸೋಡಿಯಂ ನೈಟ್ರೈಟ್. ಕೊನೆಯದು ಮಾಂಸಕ್ಕೆ ಆ ಗುಲಾಬಿ ಬಣ್ಣವನ್ನು ಕೊಡುತ್ತದೆ ಮತ್ತು ಗಾಳಿಯಿಲ್ಲದ ಕಡೆ ಬೆಳೆದು ಮಾರಕ ವಿಷ ಹುಟ್ಟಿಸುವ ಬಾಟ್ಯುಲಿಸಂ ರೋಗದ ಸೂಕ್ಷ್ಮಜೀವಿಯನ್ನು ತಡೆಯುತ್ತದೆ. ಅದೇ ನೈಟ್ರೈಟು ಹೊಟ್ಟೆಯೊಳಗೆ ಕ್ಯಾನ್ಸರಿಗೆ ಕಾರಣವಾಗಬಲ್ಲ ಸಂಯುಕ್ತಗಳಾಗಿಯೂ ಮಾರ್ಪಡಬಲ್ಲದು. ನಮ್ಮಲ್ಲಿ ಪಂದಿ ಕರಿಯನ್ನು, ಅಂದರೆ ಹಂದಿ ಮಾಂಸದ ಸಾರನ್ನು, ಕೆಡದಂತೆ ಕಾಯುವುದು ಕಾಚಂಪುಳಿಯ ಹುಳಿ. ಪಣಪುಳಿ ಹಣ್ಣಿನ ರಸವನ್ನು ಕಪ್ಪಾಗಿ ಮಂದವಾಗುವವರೆಗೆ ಕುದಿಸಿ ಇಳಿಸಿದ ಆ ಹುಳಿ ಬಿದ್ದ ಕರಿಯನ್ನು ದಿನವೂ ಬಿಸಿ ಮಾಡುತ್ತಾ ನಾಲ್ಕಾರು ದಿನ ಉಣ್ಣುತ್ತಿದ್ದೆವು, ಮೂರನೆಯ ದಿನದ್ದೇ ಹೆಚ್ಚು ರುಚಿ ಎನ್ನುತ್ತಿದ್ದೆವು.

ನನ್ನ ತಂದೆ ಇದ್ದಿದ್ದರೆ ಈ ಡಬ್ಬಿ ಮನೆಯೊಳಕ್ಕೆ ಬರುತ್ತಿರಲಿಲ್ಲ. ಸೈನ್ಯದಲ್ಲಿದ್ದಾಗ ಎತ್ತರದ ಪೋಸ್ಟುಗಳಲ್ಲಿ ತಿಂಗಳುಗಟ್ಟಲೆ ಟಿನ್ನಿನ ಮಾಂಸ, ಟಿನ್ನಿನ ಹಣ್ಣು ತಿಂದಿದ್ದ ಅವರಿಗೆ, ನಿವೃತ್ತರಾದ ಮೇಲೆ ಡಬ್ಬಿಯಲ್ಲಿಟ್ಟ ಅನಾನಸನ್ನು ಕಂಡರೂ ಆಗುತ್ತಿರಲಿಲ್ಲ. ರಜೆಯಲ್ಲಿ ಬಂದವರು ಟ್ರಂಕನ್ನು ಜಗಲಿಯಲ್ಲಿ ಇಳಿಸುವ ಮೊದಲೇ ಪಂದಿ ಕರಿ, ಅಕ್ಕಿ ತರಿಯ ಉಂಡೆ ಕಡಂಬುಟ್ಟು ಆಗಿದೆಯೇ ಎಂದು ಅಡುಗೆಮನೆಯ ಕಡೆ ಮುಖ ಮಾಡುತ್ತಿದ್ದರು.

ಡಬ್ಬಿ ಹುಟ್ಟಿದ್ದೇ ಸೈನ್ಯದ ಹೊಟ್ಟೆಗಾಗಿ. ಫ್ರಾನ್ಸಿನ ಸರ್ಕಾರವು ತನ್ನ ಪಡೆಗಳಿಗೆ ಕೆಡದ ಆಹಾರ ಬೇಕೆಂದು ಹುಡುಕುತ್ತಿದ್ದಾಗ, ನಿಕೊಲಾ ಅಪೆರ್ ಎಂಬ ಬಾಣಸಿಗ ಗಾಜಿನ ಬಾಟಲಿಗಳಲ್ಲಿ ಆಹಾರವನ್ನು ಬಿಗಿದು ಕುದಿಸುವ ಕ್ರಮವನ್ನು ಕಂಡುಹಿಡಿದು, 1810ರಲ್ಲಿ ಅದನ್ನು ಪ್ರಕಟಿಸಿ 12,000 ಫ್ರಾಂಕುಗಳ ಬಹುಮಾನ ಪಡೆದ. ತಗಡಿನ ಡಬ್ಬಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದೂ ಅದೇ ವರ್ಷ. ಸ್ಪ್ಯಾಮ್ ಬಂದದ್ದು 1937ರಲ್ಲಿ, ಅಮೆರಿಕದ ಮಿನೆಸೋಟದ ಹಾರ್ಮೆಲ್ ಕಂಪನಿಯಿಂದ. ಸುಲಭವಾಗಿ ಖರ್ಚಾಗದ ಹಂದಿಯ ಭುಜದ ಮಾಂಸಕ್ಕೆ ಅದು ದಾರಿ ಮಾಡಿಕೊಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಅದು ಮಿತ್ರಪಡೆಗಳನ್ನು ಸಾಕಿತು, ಮತ್ತು ಅದಿಲ್ಲದಿದ್ದರೆ ತಮ್ಮ ಸೈನ್ಯಕ್ಕೆ ಉಣಿಸುವುದು ಕಷ್ಟವಾಗುತ್ತಿತ್ತು ಎಂದು ಸೋವಿಯತ್ ನಾಯಕ ಕ್ರುಶ್ಚೇವ್ ಮುಂದೆ ಬರೆದರು.

ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು 1953ರಲ್ಲಿ ಯುದ್ಧಕೈದಿಗಳ ವಾಪಸಾತಿಯ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಕೊರಿಯಾಕ್ಕೆ ಹೋದರು. ಕೊರಿಯಾ ಯುದ್ಧದ ಬೆನ್ನಲ್ಲೇ ಅಲ್ಲಿನ ಹಸಿದ ಜನ ಅಮೆರಿಕನ್ ಶಿಬಿರಗಳಿಂದ ಹೊರಬಿದ್ದ ಸ್ಪ್ಯಾಮನ್ನೂ ಸಾಸೇಜನ್ನೂ ತಮ್ಮ ಕಿಮ್ಚಿಯೊಡನೆ, ಅಂದರೆ ಹುಳಿ ಬರಿಸಿದ ಕೋಸಿನೊಡನೆ, ಕುದಿಸಿ ಒಂದು ಖಾರದ ಸಾರು ಮಾಡಿಕೊಂಡರು. ‘ಸೇನಾ ನೆಲೆಯ ಸಾರು’ ಎಂಬರ್ಥದ ಹೆಸರು ಇಂದಿಗೂ ಅದಕ್ಕಿದೆ. ಈಗ ಅಲ್ಲಿ ಸುಗ್ಗಿಯ ಹಬ್ಬಕ್ಕೆ ನೆಂಟರಿಗೆ ಸ್ಪ್ಯಾಮ್ ಡಬ್ಬಿಗಳ ಪೆಟ್ಟಿಗೆಯನ್ನು ಉಡುಗೊರೆ ಕೊಡುತ್ತಾರೆ. ನನ್ನ ತಂದೆಗೆ ಹೇಸಿಗೆಯಾದದ್ದು ಇನ್ನೊಬ್ಬರ ಹಬ್ಬದ ಉಡುಗೊರೆಯಾದದ್ದನ್ನು ಓದಿದಾಗ, ನನ್ನ ಮೂಗು ಮುರಿಯುವಿಕೆಯಲ್ಲಿ ಎಷ್ಟು ಪಾಲು ನಾಲಿಗೆಯದು, ಎಷ್ಟು ಪಾಲು ಹೊಟ್ಟೆ ತುಂಬಿದವರ ಜಂಬದ್ದು ಎಂದು ನನಗೆ ಅನುಮಾನ ಬಂದಿತು.

ಇಷ್ಟೆಲ್ಲ ಬರೆದರೂ, ಮಧ್ಯಾಹ್ನದಿಂದ ನನ್ನನ್ನು ಕಾಡುತ್ತಿರುವುದು ಬೇರೆಯೇ ಒಂದು ಸಂಗತಿ. ಚಿಕ್ಕಂದಿನಲ್ಲಿ ನಮ್ಮ ಮನೆಯ ಹಿಂದೆ ಹಂದಿ ಸಾಕುತ್ತಿದ್ದರು. ಹಲಸಿನ ಕಾಲದಲ್ಲಿ ಬಿದ್ದ ಹಣ್ಣುಗಳನ್ನು ಆಯ್ದು ಹಾಕುವ ಕೆಲಸ ನನ್ನದಾಗಿತ್ತು. ನನ್ನ ಹೆಜ್ಜೆಯ ಸದ್ದಿಗೇ ಅದು ಎದ್ದು ಬರುತ್ತಿತ್ತು. ಕೈಲ್‌ಪೊಳ್ದ್ ಹಬ್ಬಕ್ಕೆ ಅದನ್ನು ಕಡಿದ ದಿನ ನಾನು ಅಟ್ಟ ಹತ್ತಿ ಕಿವಿ ಮುಚ್ಚಿಕೊಂಡು ಅತ್ತೆ. ಹುಲ್ಲಿನ ಬೆಂಕಿಯಲ್ಲಿ ರೋಮ ಸುಡುವ ವಾಸನೆ ಅಲ್ಲಿಗೂ ಬಂದಿತು. ಸಂಜೆ ಪಾಲು ಹಂಚಿ, ಕರಿ ಬೆಂದ ಮೇಲೆ ಅಜ್ಜಿ ಕರೆದಳು. ಇಳಿದು ಹೋಗಿ ತಿಂದೆ, ಇನ್ನೊಮ್ಮೆ ಬಡಿಸಿಕೊಂಡೆ. ಮರುವರ್ಷ ಇನ್ನೊಂದು ಮರಿಗೆ ಹಲಸು ಹಾಕಿದೆ, ಮತ್ತೆ ಅಟ್ಟ ಹತ್ತಿದೆ.

ಇಂದಿನ ನಾಲ್ಕು ಹೋಳುಗಳಿಗೆ ನಾನು ಏನನ್ನೂ ತೆತ್ತಿಲ್ಲ. ಆ ಗಟ್ಟಿಯಲ್ಲಿ ಎಷ್ಟು ಹಂದಿಗಳ ಮಾಂಸ ಕೂಡಿತ್ತೋ, ಅವು ಬಿಸಿಲು ಕಂಡಿದ್ದವೋ ಇಲ್ಲವೋ ಎಂದು ತಿನ್ನುವಾಗ ಮನಸ್ಸಿಗೆ ಬರಲೂ ಇಲ್ಲ. ಚರ್ಮವಿಲ್ಲ, ಮೂಳೆಯಿಲ್ಲ, ರೋಮದ ಬುಡವಿಲ್ಲ. ಅದು ಒಂದು ಪ್ರಾಣಿಯಾಗಿತ್ತೆಂದು ನೆನಪಿಸುವ ಯಾವ ಗುರುತನ್ನೂ ಅವರು ಉಳಿಸಿರಲಿಲ್ಲ. ಅತ್ತೆ ತಟ್ಟೆ ಸರಿಸುವಾಗ, “ಕೊಂದವರು ಯಾರೋ, ಬೇಯಿಸಿದವರು ಯಾರೋ,” ಎಂದು ಗೊಣಗಿದ್ದನ್ನು ನಾನು ಮಡಿಯ ಮಾತೆಂದು ತಳ್ಳಿಹಾಕಿದ್ದೆ. ಈಗ ಕತ್ತಲಲ್ಲಿ ಮೇಣದ ಬತ್ತಿಯ ಮುಂದೆ ಕುಳಿತಿರುವಾಗ ಅದು ಬರೀ ಮಡಿಯ ಮಾತಾಗಿ ಕೇಳಿಸುತ್ತಿಲ್ಲ. ಹಾಗೆಂದು ಪೇಟೆಯ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತರುವ ಒಂದು ಕಿಲೋ ಹಂದಿಯ ಪರಿಚಯ ನನಗೆಷ್ಟಿದೆ ಎಂದು ಯಾರಾದರೂ ಕೇಳಿದರೆ, ಅದಕ್ಕೂ ನಾನು ಹಲಸು ಹಾಕಿದವಳಲ್ಲ. ನಾವು ಹಂದಿ ಸಾಕುವುದನ್ನು ನಿಲ್ಲಿಸಿ ಮೂವತ್ತು ವರ್ಷಗಳಾದವು.

ರಾತ್ರಿ ಮಗ ಫೋನ್ ಮಾಡಿ ಹೇಗಿತ್ತೆಂದು ಕೇಳಿದ. ಉಪ್ಪು ಜಾಸ್ತಿ ಎಂದೆ. “ಇನ್ನೊಂದು ತರಲಾ ಅಮ್ಮ?” ಎಂದ. ಬೇಡವೆಂದು ಹೇಳಬೇಕೆಂದಿದ್ದವಳು, ಕೈಲ್‌ಪೊಳ್ದ್‌ಗೆ ಬರುವಾಗ ನೋಡೋಣ ಎಂದುಬಿಟ್ಟೆ. ಉಳಿದ ನಾಲ್ಕು ಹೋಳುಗಳನ್ನು ಫ್ರಿಜ್ಜಿಲ್ಲದೆ ಇಡುವಂತಿರಲಿಲ್ಲವಾದ್ದರಿಂದ ಕಾವಲಿಗೆ ಹಾಕಿ ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳಿಗೆ ಕಳುಹಿಸಿದ್ದೆ. ತಟ್ಟೆ ತೊಳೆದು ವಾಪಸು ಬಂದಿದೆ. ಖಾಲಿ ಡಬ್ಬಿಯನ್ನು ಅತ್ತೆ ಬಿಸಾಡಲು ಬಿಡಲಿಲ್ಲ. ತೋಟಕ್ಕೆ ಹೋಗಿ ಬಂದವರ ಕಾಲಿನ ಜಿಗಣೆ ಬಿಡಿಸಲೆಂದು ಅದಕ್ಕೆ ಕಲ್ಲುಪ್ಪು ತುಂಬಿ ಹಿಂಬಾಗಿಲ ಬಳಿ ಇಟ್ಟಿದ್ದಾರೆ.