ನೀರು ಇಳಿದ ದಾರಿಯಲ್ಲೇ ತುಕ್ಕು

ನನ್ನ ಮೊದಲ ಸಬ್‌ಮರೀನ್ ಈಗ ಕಪಾಟಿನ ಮೇಲಿನ ಖಾನೆಯಲ್ಲಿ, ಹಿಂದಿನ ಸಾಲಿನಲ್ಲಿ, ಗೋಡೆಗೆ ಮುಖ ಮಾಡಿಕೊಂಡು ಕೂತಿದೆ. ನಾನೇ ಹಾಗೆ ತಿರುಗಿಸಿ ಇಟ್ಟಿದ್ದು. ಅದನ್ನು ಮುಗಿಸಿದ ದಿನ ಮಾತ್ರ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಮಗಳನ್ನು ಕರೆದು ತೋರಿಸಿದೆ. ಆಗ ಅವಳಿಗೆ ಒಂಬತ್ತು ವರ್ಷ. ಮೇಜಿನ ಸುತ್ತ ಬಂದು ನೋಡಿದಳು, ಕತ್ತು ಓರೆ ಮಾಡಿ ಅಡಿಯಿಂದಲೂ ನೋಡಿದಳು. ಆಮೇಲೆ ಕೇಳಿದಳು, "ಅಪ್ಪಾ, ಇದು ಓಡಾಡೋ ಸಬ್‌ಮರೀನಾ, ಮುಳುಗಿಹೋಗಿರೋದಾ?"

"ಮುಳುಗೋದೇ ಅದರ ಕೆಲಸ ಅಲ್ವೇನೇ?" ಅಂದೆ.

"ಅದಲ್ಲಪ್ಪಾ. ತಳದಲ್ಲಿ ಬಿದ್ದಿದ್ದನ್ನ ಯಾರೋ ಎತ್ಕೊಂಡು ಬಂದಿರೋ ಥರ ಇದೆ."

ಅವಳು ಹೇಳಿದ್ದು ನಿಜ. ಎರಡು ವಾರ ಕೂತು ನಾನು ಮೂತಿಯಿಂದ ಬಾಲದವರೆಗೆ ತುಕ್ಕು ಬಳಿದಿದ್ದೆ. ಎಲ್ಲಿ ಜಾಗ ಸಿಕ್ಕಿತೋ ಅಲ್ಲೆಲ್ಲ ಕಿತ್ತಳೆ ಬಣ್ಣ. ಕೈ ನಿಲ್ಲಲೇ ಇಲ್ಲ. ಪ್ಲಾಸ್ಟಿಕ್ ಕಿಟ್ ತಂದು ಮಾಡೆಲ್ ಕಟ್ಟುವ ಈ ಹವ್ಯಾಸಕ್ಕೆ ಬಿದ್ದವರಿಗೆ ಈ ಕಾಯಿಲೆ ಗೊತ್ತಿರುತ್ತದೆ.

ಅದು ಜರ್ಮನಿಯ ಟೈಪ್ 7ಸಿ ಯು-ಬೋಟ್. ಎರಡನೇ ಮಹಾಯುದ್ಧದ ಕಾಲದ್ದು. ಈ ನಮೂನೆಯ ದೋಣಿಗಳನ್ನೇ 500ಕ್ಕೂ ಜಾಸ್ತಿ ಕಟ್ಟಿದ್ದರು. ಅಸಲಿಯ ಉದ್ದ 67 ಮೀಟರ್. ನನ್ನದು 1/144 ಅಳತೆಯದು, ಅಂದರೆ 46 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಇದೇ ದೋಣಿ 1/72ರಲ್ಲಿ 93 ಸೆಂಟಿಮೀಟರ್ ಆಗುತ್ತದೆ. ಅದನ್ನು ಮನೆಗೆ ತಂದರೆ ನನ್ನನ್ನು ಮನೆಯಿಂದ ಹೊರಗೆ ಇಡುತ್ತಾರೆ.

ಎರಡನೇದನ್ನು ಶುರು ಮಾಡುವ ಮೊದಲು ತಿಂಗಳುಗಟ್ಟಲೆ ನಾನು ಏನನ್ನೂ ಕಟ್ಟಲಿಲ್ಲ. ಸುಮ್ನೆ ತುಕ್ಕು ನೋಡುತ್ತಾ ಓಡಾಡಿದೆ. ನಮ್ಮ ಮನೆ ಗೇಟನ್ನೇ ನೋಡಿ. ವರ್ಷಗಳಿಂದ ದಿನಾ ಎರಡು ಸಲ ಅದನ್ನು ತೆಗೆದು ಹಾಕಿದ್ದೇನೆ, ನೋಡಿರಲಿಲ್ಲ. ಮಳೆ ನಿಂತ ಮೇಲೆ ಒಂದು ದಿನ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತೆ. ತುಕ್ಕು ಎಲ್ಲ ಕಡೆ ಇರಲಿಲ್ಲ. ಒಂದು ಬೋಲ್ಟಿನ ತಲೆಯ ಸುತ್ತ ಇತ್ತು, ಅಲ್ಲಿ ಹೆಚ್ಚುಕಮ್ಮಿ ಕಪ್ಪು ಅನ್ನುವಷ್ಟು ಕಂದು. ಅದರ ಕೆಳಗೆ ಒಂದು ಗೆರೆ. ಶುರುವಿನಲ್ಲಿ ಗಾಢ, ಇಳಿಯುತ್ತಾ ಇಳಿಯುತ್ತಾ ತಿಳಿ, ಒಂದು ಗೇಣು ಇಳಿಯುವಷ್ಟರಲ್ಲಿ ಇದೆಯೋ ಇಲ್ಲವೋ ಅನ್ನುವ ಹಾಗೆ. ಅಡ್ಡಪಟ್ಟಿಯ ಅಡಿಯಲ್ಲಿ, ಮಳೆ ತಾಗದ ಕಡೆ, ಬಣ್ಣ ಹೊಸದರ ಹಾಗೇ ಇತ್ತು. ಕಿತ್ತಳೆ ಅಂತ ನಾನು ಬಳಿದಿದ್ದೆನಲ್ಲ, ಆ ಬಣ್ಣ ಇಡೀ ಗೇಟಿನಲ್ಲಿ ಉಗುರಿನಗಲ ಮಾತ್ರ ಸಿಕ್ಕಿತು. ಅದೂ ಮೊನ್ನೆ ಮೊನ್ನೆ ಗೀಚಿದ ಜಾಗದಲ್ಲಿ.

ನೀರು ಎಲ್ಲಿ ನಿಂತಿತು, ಎಲ್ಲಿಂದ ಇಳಿಯಿತು ಅನ್ನುವುದರ ಗುರುತು ತುಕ್ಕು. ಹಾಗಾದರೆ ಸಬ್‌ಮರೀನಿನಲ್ಲಿ ನೀರು ಎಲ್ಲಿಂದ ಇಳಿಯುತ್ತದೆ?

ಇದನ್ನು ಗೊತ್ತು ಮಾಡಿಕೊಂಡಾಗಲೇ ನನಗೆ ಆ ದೋಣಿ ಅರ್ಥವಾಗಿದ್ದು. ಯು-ಬೋಟಿನಲ್ಲಿ ನಮ್ಮ ಕಣ್ಣಿಗೆ ಬೀಳುವ ಮೇಲುಭಾಗ ನಿಜವಾದ ದೋಣಿಯಲ್ಲ. ಜನ ಇದ್ದದ್ದು ಒಳಗಿನ ದಪ್ಪ ಉಕ್ಕಿನ ಕೊಳವೆಯಲ್ಲಿ. ಅದರ ಗೋಡೆ 18.5 ಮಿಲಿಮೀಟರ್ ದಪ್ಪ. ಅದರ ಮೇಲೆ ತೆಳು ತಗಡಿನ ಒಂದು ಹೊದಿಕೆ, ಹೊದಿಕೆಯ ಮೇಲೆ ಮರದ ಪಟ್ಟಿಗಳ ಡೆಕ್. ಹೊದಿಕೆಯೊಳಗೆ ನೀರು ಬರದ ಹಾಗೆ ತಡೆಯುವುದಿಲ್ಲ, ನೀರು ಬರಲಿ ಅಂತಲೇ ಕಟ್ಟಿದ್ದು. ಅದಕ್ಕೇ ಪಕ್ಕದಲ್ಲಿ ಉದ್ದಕ್ಕೂ ಸಾಲು ಸಾಲು ತೂತು. ಮುಳುಗುವಾಗ ಅಲ್ಲಿಂದ ನೀರು ನುಗ್ಗುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಮೇಲೆ ಬಂದಾಗ ಅದೇ ತೂತುಗಳಿಂದ ನೀರು ಧೋ ಅಂತ ಸುರಿಯುತ್ತದೆ, ಆಮೇಲೆ ತುಂಬ ಹೊತ್ತು ಸೋರುತ್ತಿರುತ್ತದೆ. ಉಪ್ಪು ನೀರು, ಗಾಳಿ, ಮತ್ತೆ ಉಪ್ಪು ನೀರು. ವಾರಗಟ್ಟಲೆ ಇದೇ ಕತೆ, ನಡುವೆ ಬಣ್ಣ ಬಳಿಯಲು ಪುರುಸೊತ್ತಿಲ್ಲ. ತುಕ್ಕಿನ ಗೆರೆಗಳು ಆ ತೂತುಗಳಿಂದಲೇ ಹೊರಡಬೇಕು. ನನ್ನ ಮೊದಲ ದೋಣಿಯಲ್ಲಿ ತೂತುಗಳೇ ಇರಲಿಲ್ಲ! ಕಿಟ್‌ನಲ್ಲಿ ಬರೀ ಗುಳಿ ಬಿದ್ದಿತ್ತು, ನಾನು ಅದಕ್ಕೆ ಕಪ್ಪು ತುಂಬಿ ಕೈತೊಳೆದುಕೊಂಡಿದ್ದೆ.

ಈ ಸಲ ಕೊರೆದೆ. 0.5 ಮಿಲಿಮೀಟರ್ ಡ್ರಿಲ್ ಬಿಟ್, ಬೆರಳಲ್ಲಿ ತಿರುಗಿಸುವ ಹಿಡಿ. ಒಂದೊಂದು ತೂತಿಗೆ ಎರಡು ಮೂರು ಚುಚ್ಚು, ನಡುವಿನ ಪ್ಲಾಸ್ಟಿಕ್ಕನ್ನು ಬ್ಲೇಡಿನ ತುದಿಯಿಂದ ಕೆತ್ತುವುದು, ಅಂಚನ್ನು ಎಮರಿ ಪೇಪರ್‌ನಲ್ಲಿ ತೀಡುವುದು. ಒಳಗಿನಿಂದ ಪ್ಲಾಸ್ಟಿಕ್ಕನ್ನು ಮೊದಲೇ ತೆಳುವಾಗಿ ಉಜ್ಜಿಟ್ಟುಕೊಂಡರೆ ಕೆಲಸ ಅರ್ಧಕ್ಕರ್ಧ ಕಮ್ಮಿ. ಇದು ನನಗೆ ಹೊಳೆದದ್ದು ಒಂದು ಪಕ್ಕ ಪೂರ್ತಿ ಮುಗಿದ ಮೇಲೆ. ಎಷ್ಟು ತೂತು ಅಂತ ಎಣಿಸುವುದನ್ನು ನಡುವೆಯೇ ಬಿಟ್ಟೆ. ಇನ್ನೊಂದು ತಮಾಷೆ ಏನೆಂದರೆ, ಈ ತೂತುಗಳ ಜೋಡಣೆ ಎಲ್ಲ ದೋಣಿಗಳಲ್ಲೂ ಒಂದೇ ಅಲ್ಲ. ಒಂದೊಂದು ಹಡಗುಕಟ್ಟೆಯವರದ್ದು ಒಂದೊಂದು ಥರ. ನಿಮ್ಮ ದೋಣಿಯ ನಂಬರ್ ಯಾವುದು, ಅದು ಕಟ್ಟಿದ್ದು ಎಲ್ಲಿ ಅಂತ ನೋಡಿಕೊಂಡು ಕೊರೆಯಬೇಕು.

ಎಡ ಬಲ ಹೋಳುಗಳನ್ನು ಅಂಟಿಸುವುದು, ಸಂದಿಗೆ ಪುಟ್ಟಿ ತುಂಬುವುದು, ಉಜ್ಜುವುದು, ಪ್ರೈಮರ್ ಹೊಡೆಯುವುದು, ಮತ್ತೆ ಸಂದಿ ಕಂಡು ಬೈದುಕೊಳ್ಳುವುದು. ಇದೆಲ್ಲ ಎಲ್ಲ ಮಾಡೆಲ್‌ಗಳಿಗೂ ಇದ್ದದ್ದೇ. ಮುಂದಕ್ಕೆ ಹೋಗೋಣ.

ಡೆಕ್ಕಿನ ನಡುವೆ ಎದ್ದು ನಿಂತ ಗೋಪುರದ ಮೇಲೆ ಚಕ್ಕೆ ಎದ್ದ ಬಣ್ಣಕ್ಕೆ ಹೇರ್‌ಸ್ಪ್ರೇ ಬೇಕು. ಮೊದಲು ತುಕ್ಕಿನ ಕಂದು ಹೊಡೆದು ಚೆನ್ನಾಗಿ ಒಣಗಿಸಿ, ಅದರ ಮೇಲೆ ಹೇರ್‌ಸ್ಪ್ರೇ ಎರಡು ಸಲ ತೆಳ್ಳಗೆ. ಅದು ಒಣಗಿದ ಮೇಲೆ ಬೂದು ಬಣ್ಣ, ಅಕ್ರಿಲಿಕ್ಕೇ ಆಗಬೇಕು. ನಾನು ಬಳಸಿದ್ದು ಟಮಿಯಾ ಕಂಪನಿಯ ಎಕ್ಸ್‌ಎಫ್-66 ಅನ್ನುವ ತಿಳಿ ಬೂದಿಗೆ ಒಂದಿಷ್ಟು ಬಿಳಿ ಸೇರಿಸಿ. ಅರ್ಧ ಗಂಟೆ ಬಿಟ್ಟು ಉಗುರುಬೆಚ್ಚಗಿನ ನೀರಲ್ಲಿ ಕುಂಚ ಅದ್ದಿ ಮೆಲ್ಲಗೆ ತಟ್ಟಿದರೆ, ಅಡಿಯ ಹೇರ್‌ಸ್ಪ್ರೇ ಕರಗಿ ಬೂದು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕೈಯಿಂದ ಬರೆದರೆ ಎಂದಿಗೂ ಬರದ ಅಡ್ಡಾದಿಡ್ಡಿ ಅಂಚು. ಡಬ್ಬ ಹೆಂಡತಿಯದ್ದು. ಬೆಳಿಗ್ಗೆ ಅದನ್ನು ಅಲ್ಲಾಡಿಸಿ ನೋಡಿ, "ಏನ್ರೀ, ನಿಮ್ಮ ದೋಣಿಗೆ ಕೂದಲು ಬಂತಾ?" ಅಂದಳು. ಈಗ ನನಗೆ ಬೇರೆ ಡಬ್ಬ ಇದೆ.

ಇಲ್ಲಿ ಒಂದು ಲೆಕ್ಕ ಸದಾ ತಲೆಯಲ್ಲಿರಬೇಕು. 1/144ರಲ್ಲಿ ಒಂದು ಮಿಲಿಮೀಟರ್ ಅಂದರೆ ಅಸಲಿಯಲ್ಲಿ 14 ಸೆಂಟಿಮೀಟರ್‌ಗೂ ಜಾಸ್ತಿ. ನೀವು ಎರಡು ಮಿಲಿಮೀಟರ್ ಚಕ್ಕೆ ಎಬ್ಬಿಸಿದರೆ ನಿಜದ ದೋಣಿಯಲ್ಲಿ ಹತ್ತಿರ ಹತ್ತಿರ ಒಂದಡಿ ಬಣ್ಣ ಹೋಗಿದೆ ಅಂತ ಅರ್ಥ. ಒಂದೆರಡು ಕಡೆ ಹಾಗೂ ಹೋಗಿರಬಹುದು, ಬಣ್ಣ ದೊಡ್ಡ ಹಾಳೆಯ ಹಾಗೆ ಎದ್ದ ಗೋಪುರಗಳ ಫೋಟೋ ಇವೆ. ಆದರೆ ಎಲ್ಲ ಕಡೆ ಹಾಗೆ ಮಾಡಿದರೆ ದೋಣಿಗೆ ಸಿಡುಬು ಎದ್ದ ಹಾಗೆ ಕಾಣುತ್ತದೆ.

ಇನ್ನು ಗೆರೆಗಳು. ನನಗೆ ಇಡೀ ಕೆಲಸದಲ್ಲಿ ಇಷ್ಟವಾದದ್ದು ಇದೇ. ಟ್ಯೂಬಿನಿಂದ ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದು ಎಣ್ಣೆ ಬಣ್ಣವನ್ನು ರಟ್ಟಿನ ಚೂರಿನ ಮೇಲೆ ಹಾಕಿ ಒಂದೆರಡು ಗಂಟೆ ಬಿಡುತ್ತೇನೆ. ರಟ್ಟು ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಹಾಗೆ ಮಾಡದಿದ್ದರೆ ಬಣ್ಣ ದಿನಗಟ್ಟಲೆ ಒಣಗುವುದಿಲ್ಲ, ಒಣಗಿದರೂ ಹೊಳೆಯುತ್ತದೆ. ಆಮೇಲೆ ತೂತಿನ ಕೆಳತುಟಿಗೆ ಸೂಜಿಮೊನೆಯಷ್ಟು ಬಣ್ಣ. ಅಷ್ಟೇ. ಚಪ್ಪಟೆ ಕುಂಚವನ್ನು ಎಣ್ಣೆ ಬಣ್ಣ ಕರಗಿಸುವ ವೈಟ್ ಸ್ಪಿರಿಟ್‌ನಲ್ಲಿ ಅದ್ದಿ, ಬಟ್ಟೆಯ ಮೇಲೆ ಒತ್ತಿ ಒತ್ತಿ ಒರೆಸಬೇಕು. ಇನ್ನೇನು ಒಣಗಿತು ಅನ್ನುವಾಗ ಚುಕ್ಕಿಯ ಮೇಲಿಟ್ಟು ಕೆಳಗೆ ಎಳೆಯಬೇಕು. ಒಂದೇ ಎಳೆತ. ಕುಂಚ ಒರೆಸಿ, ಇನ್ನೊಂದು ಸಲ, ಈ ಸಲ ಉಸಿರು ತಾಗಿದಷ್ಟು ಹಗುರವಾಗಿ. ಚುಕ್ಕಿ ಕರಗಿ ಗೆರೆಯಾಗುತ್ತದೆ, ಗೆರೆ ಇಳಿದು ದೋಣಿಯ ಪಕ್ಕಕ್ಕೆ ಉಬ್ಬಿದ ಟ್ಯಾಂಕಿನ ಮೇಲೆ ಹರಡಿ ಮಾಯವಾಗುತ್ತದೆ. ಕುಂಚ ಸ್ವಲ್ಪ ಒದ್ದೆಯಾಗಿದ್ದರೂ ಕೆಟ್ಟಿತು, ಕಾಫಿ ಲೋಟ ಇಟ್ಟ ಹಾಗೆ ಸುತ್ತ ಒಂದು ಉಂಗುರ ಬೀಳುತ್ತದೆ. ಅಡಿಯಲ್ಲಿರುವುದು ಅಕ್ರಿಲಿಕ್ ಆದ್ದರಿಂದ ಒರೆಸಿ ಮತ್ತೆ ಮಾಡಬಹುದು. ಒಣಗಿದ ಅಕ್ರಿಲಿಕ್ಕನ್ನು ವೈಟ್ ಸ್ಪಿರಿಟ್ ಏನೂ ಮಾಡುವುದಿಲ್ಲ. ಈ ಹವ್ಯಾಸ ನಿಂತಿರುವುದೇ ಈ ಒಂದು ದಯೆಯ ಮೇಲೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಎಳೆಯುವ ದಿಕ್ಕಿನ ಬಗ್ಗೆ ಒಂದು ಮಾತು. ಮೊದಲನೇ ದೋಣಿಯನ್ನು ನಾನು ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು ಗೆರೆ ಎಳೆದಿದ್ದೆ. ನಿಲ್ಲಿಸಿ ನೋಡಿದರೆ ಎಲ್ಲವೂ ಮೂತಿಯ ಕಡೆ ವಾಲಿವೆ! ಈಗ ದೋಣಿಯನ್ನು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿಯೇ ಕೆಲಸ. ಪಕ್ಕದಲ್ಲಿ ಒಂದು ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟಿರುತ್ತೇನೆ, ಗೋಡೆ ಕಟ್ಟುವವರು ಗುಂಡು ಇಳಿಬಿಟ್ಟು ನೋಡುವ ಹಾಗೆ. ನೋಡಿದವರು ನಗುತ್ತಾರೆ, ನಗಲಿ.

ತುಕ್ಕಲ್ಲದೆ ಬೇರೆ ಕೊಳೆಯೂ ಇದೆ. ಹಿಂಭಾಗದಲ್ಲಿ ಡೀಸೆಲ್ ಹೊಗೆ ಹೊರಬರುವ ಕಡೆ ಮಸಿ. ನೀರಿನ ಮಟ್ಟದಲ್ಲಿ ಪಾಚಿಯ ತೆಳು ಹಸಿರು, ಅದರ ಮೇಲೆ ಉಪ್ಪು ಒಣಗಿದ ಬಿಳಿ. ಡೆಕ್ಕಿನ ಮರದ ಮೇಲೆ ಬೂಟು ಸವೆಸಿದ ದಾರಿ, ಗೋಪುರದಿಂದ ಫಿರಂಗಿಯವರೆಗೆ. ಫೋಟೋಗಳೆಲ್ಲ ಕಪ್ಪು ಬಿಳುಪು, ಆದ್ದರಿಂದ ಕಪ್ಪಗಿರುವುದು ತುಕ್ಕೋ, ಎಣ್ಣೆಯೋ, ಬರೀ ಒದ್ದೆಯೋ ಅಂತ ನಾವೇ ತೀರ್ಮಾನ ಮಾಡಬೇಕು. ಉಳಿದಿರುವ ಒಂದೇ ಟೈಪ್ 7, ಯು-995, ಜರ್ಮನಿಯ ಲಾಬೋದಲ್ಲಿ 1972ರಿಂದ ದಡದ ಮೇಲೆ ಮ್ಯೂಸಿಯಂ ಆಗಿ ಕೂತಿದೆ. ಆಕಾರ ನೋಡಲು ಅದಕ್ಕಿಂತ ಒಳ್ಳೆಯದು ಇಲ್ಲ. ಕೊಳೆ ನೋಡಲು ಮಾತ್ರ ಅದರಿಂದ ಪ್ರಯೋಜನವಿಲ್ಲ, ಯಾರೋ ಪ್ರೀತಿಯಿಂದ ಬಣ್ಣ ಬಳಿದು ಇಟ್ಟಿದ್ದಾರೆ.

ಮತ್ತೆ, ದಯವಿಟ್ಟು ಈಗಿನ ಅಣು ಸಬ್‌ಮರೀನ್‌ಗಳಿಗೆ ಇದೇ ತುಕ್ಕು ಬಳಿಯಬೇಡಿ. ಅವುಗಳಲ್ಲಿ ಬಹಳಷ್ಟಕ್ಕೆ ಮೈತುಂಬ ಸದ್ದು ಹೀರುವ ರಬ್ಬರ್ ಹೊದಿಕೆ ಇರುತ್ತದೆ. ರಬ್ಬರಿಗೆ ತುಕ್ಕು ಹಿಡಿಯುತ್ತದೆಯೇ? ಅಲ್ಲಿ ಆಗುವುದು ಬೇರೆ. ಚೌಕ ಚೌಕವಾಗಿ ಟೈಲು ಕಿತ್ತುಹೋಗುತ್ತದೆ, ಪಾಚಿ ಹಿಡಿಯುತ್ತದೆ, ಕಪ್ಪು ಬಿಸಿಲಿಗೆ ಮಾಸಿ ಬೂದಾಗುತ್ತದೆ.

ನಾನು ಎರಡನೇದಕ್ಕೆ ಆರಿಸಿಕೊಂಡದ್ದು ಯು-96. ಗೋಪುರದ ಮೇಲೆ ನಗುವ ಗರಗಸ ಮೀನಿನ ಚಿತ್ರ ಇರುವುದು. ಅದನ್ನೇ ಆರಿಸಲು ಚಿತ್ರ ಮಾತ್ರ ಕಾರಣವಲ್ಲ. ಎಷ್ಟೋ ಯು-ಬೋಟುಗಳು ಮೊದಲ, ಎರಡನೇ ಯಾತ್ರೆಯಲ್ಲೇ ಮುಳುಗಿದವು. ಒಟ್ಟು ಯು-ಬೋಟುಗಳಲ್ಲಿ ಸೇವೆ ಮಾಡಿದ ಸುಮಾರು 40 ಸಾವಿರ ಜನರಲ್ಲಿ 30 ಸಾವಿರದಷ್ಟು ಮಂದಿ ಸತ್ತರು. ಅವರು ಮುಳುಗಿಸಿದ ಹಡಗುಗಳಲ್ಲಿ ಸತ್ತವರ ಲೆಕ್ಕ ಬೇರೆ. ಹೀಗೆ ಬೇಗ ಹೋದ ದೋಣಿಗೆ ತುಕ್ಕು ಹಿಡಿಯಲು ಸಮಯವೇ ಸಿಗಲಿಲ್ಲ. ಮೈತುಂಬ ಗೆರೆ ಇರುವ ದೋಣಿ ಅಂದರೆ ತುಂಬ ದಿನ ಬದುಕಿದ ದೋಣಿ. ಯು-96 ಸೇವೆಗೆ ಬಂದದ್ದು 1940ರ ಸೆಪ್ಟೆಂಬರ್‌ನಲ್ಲಿ. 11 ಯಾತ್ರೆ ಮುಗಿಸಿ, 1943ರಲ್ಲಿ ತರಬೇತಿಯ ಕೆಲಸಕ್ಕೆ ಹೋಯಿತು. ಕೊನೆಗೆ 1945ರ ಮಾರ್ಚ್ 30ರಂದು ವಿಲ್‌ಹೆಲ್ಮ್ಸ್‌ಹಾವೆನ್ ಬಂದರಿನಲ್ಲಿ ಬಾಂಬು ಬಿದ್ದು ನಿಂತಲ್ಲೇ ಮುಳುಗಿತು. ಯಾವುದೋ ಒಂದು ಯಾತ್ರೆ ಮುಗಿಸಿ ಬಂದರಿಗೆ ಬರುತ್ತಿರುವ ದಿನ ಅಂತ ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ. ಗೆರೆಗಳು ಎಷ್ಟಿರಬೇಕು ಅನ್ನುವುದು ಆಮೇಲೆ ತಾನೇ ತೀರ್ಮಾನವಾಯಿತು.

ಕೊನೆಯಲ್ಲಿ ಒಂದು ಎಡವಟ್ಟೂ ಮಾಡಿದೆ. ಮಳೆ ಹಿಡಿದು ಕೂತ ಸಂಜೆ ಮ್ಯಾಟ್ ವಾರ್ನಿಶ್ ಹೊಡೆದೆ. ಸ್ಪ್ರೇ ಡಬ್ಬದ್ದು, ಲ್ಯಾಕರ್. ಡಬ್ಬದ ಮೇಲೆ ತೇವ ಇದ್ದಾಗ ಬೇಡ ಅಂತ ಬರೆದೇ ಇತ್ತು. ಐದು ನಿಮಿಷದಲ್ಲಿ ನನ್ನ ಯು-96 ಹಾಲಿನಲ್ಲಿ ಅದ್ದಿ ತೆಗೆದ ಹಾಗಾಯಿತು. ಮೂರು ತಿಂಗಳ ಕೆಲಸ! ಎದ್ದು ಹೋಗಿ ಹೊರಗೆ ಸ್ವಲ್ಪ ಹೊತ್ತು ನಿಂತೆ. ಬಿಸಿಲು ಬಂದ ದಿನ ಅದರ ಮೇಲೆ ಹೊಳಪಿನ ವಾರ್ನಿಶ್ ತೆಳುವಾಗಿ ಹೊಡೆದಾಗ ಮಬ್ಬು ಇಳಿಯಿತು. ಒಣಗಿದ ಮೇಲೆ ಮತ್ತೆ ಮ್ಯಾಟ್. ಬಾಲದ ಹತ್ತಿರ ಒಂದು ಕಡೆ ಮಬ್ಬು ಹಾಗೇ ಉಳಿದಿದೆ. ಉಪ್ಪು ಅಂತ ಹೇಳುತ್ತೇನೆ.

ಮಗಳಿಗೆ ಈಗ ಹನ್ನೊಂದು. ಇದನ್ನು ನೋಡಿ, "ಹ್ಞಾಂ, ಇದು ಓಡಾಡತ್ತೆ" ಅಂದಳು. ಆಮೇಲೆ ಗೋಪುರದ ಹಿಂದಿನ ಕಂಬಿಯ ಬುಡಕ್ಕೆ ಬೆರಳು ತೋರಿಸಿ, "ಇಲ್ಲಿ ಮಾಡಿರೋದು ಎಲ್ಲಕ್ಕಿಂತ ಚೆನ್ನಾಗಿದೆ" ಅಂದಳು. ನಾನು ಅಲ್ಲಿ ಏನೂ ಮಾಡಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಆ ಕಂಬಿ ಗುಂಡುಸೂಜಿ ಕತ್ತರಿಸಿ ಮಾಡಿದ್ದು. ಬುಡಕ್ಕೆ ನೀರಲ್ಲಿ ಕರಗುವ ಬಿಳಿ ಗೋಂದು ಹಾಕಿ ನಿಲ್ಲಿಸಿದ್ದೆ. ಆ ತೇವಕ್ಕೆ ಸೂಜಿ ನಿಜವಾಗಿಯೇ ತುಕ್ಕು ಹಿಡಿದು, ವಾರ್ನಿಶ್ಶಿನ ಅಡಿಯಿಂದ ಕೂದಲೆಳೆಯಷ್ಟು ಗೆರೆ ಕೆಳಗೆ ಇಳಿದಿದೆ. ನಾನು ಕಲಸಿದ ಬಣ್ಣಕ್ಕಿಂತ ಅದು ಕೊಂಚ ಹಳದಿ. ಮುಂದಿನದಕ್ಕೆ ಅಂಬರ್ ಜೊತೆ ಸ್ವಲ್ಪ ಯೆಲ್ಲೋ ಓಕರ್ ಸೇರಿಸಿ ನೋಡಬೇಕು.