ಹಾಲುಬಿಳಿ ಹರಳು

ಬೆಳಗಾವಿ, ಜುಲೈ 18, 2024, ಗುರುವಾರ

ಲೇಸರ್‌ಗೆಂದು ಹರಳು ಬೆಳೆಸಲು ಇಟ್ಟಿದ್ದ ಕುಲುಮೆಯನ್ನು ಇವತ್ತು ತೆಗೆದೆವು. ಆರು ದಿನ ಕಾದಿದ್ದಕ್ಕೆ ಸಿಕ್ಕಿದ್ದು ಹೆಬ್ಬೆರಳು ಗಾತ್ರದ ಒಂದು ಹಾಲುಬಿಳಿ ತುಂಡು. ಎರ್ಬಿಯಂ ಎಂಬ ಲೋಹದ ಅಂಶ ಬೆರೆಸಿದ ಕ್ಯಾಲ್ಸಿಯಂ ಫ್ಲೋರೈಡ್ ಹರಳು ತಿಳಿ ಗುಲಾಬಿಯಾಗಿ, ಗಾಜಿನ ಹಾಗೆ ಇರಬೇಕಿತ್ತು. ಕೆಳತುದಿಯಲ್ಲಿ ಉಗುರಿನಷ್ಟು ಜಾಗ ಮಾತ್ರ ಹಾಗಿದೆ. ಅಲ್ಲಿ ಪೇಪರ್ ಹಿಡಿದರೆ ಅಕ್ಷರ ಕಾಣುತ್ತದೆ, ಮೇಲೆಲ್ಲಾ ಮಂಜು.

"ಏನಾತ್ರಿ ಸರ್, ಹಾಲ ಒಡದಂಗ ಆಗೇತಲ್ರಿ?" ಅಂದರು ಲ್ಯಾಬಿನ ಸಹಾಯಕರು.

ತಪ್ಪು ನನ್ನದೇ. ಹೊರಗೆ ವಾರದಿಂದ ಬಿಡದ ಮಳೆ. ಮನೆಯಲ್ಲಿ ಉಪ್ಪಿನ ಡಬ್ಬಿ ನೀರು ಬಿಟ್ಟಿದೆ, ಅವ್ವ ಅದರಲ್ಲಿ ಅಕ್ಕಿ ಕಾಳು ಹಾಕಿದ್ದಾಳೆ. ಇಂಥ ಹವೆಯಲ್ಲಿ ನಾನು ಹರಳಿಗೆ ಕರಗಿಸುವ ಫ್ಲೋರೈಡ್ ಪುಡಿಯ ಬಾಟಲಿ ತೆರೆದಿಟ್ಟು ಫೋನಿನಲ್ಲಿ ಇಪ್ಪತ್ತು ನಿಮಿಷ ಹರಟಿದ್ದೆ!

ಪುಡಿಗೆ ಅಂಟಿದ ತೇವ ಸುಮ್ನೆ ಆವಿಯಾಗಿ ಹೋಗುವುದಿಲ್ಲ. ಕಾವು ಏರಿದಾಗ ಅದು ಫ್ಲೋರೈಡನ್ನೇ ಕೆಡಿಸಿ ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟ ಸುಣ್ಣ ಮಾಡುತ್ತದೆ. ಜೊತೆಗೆ ಹೈಡ್ರೋಜನ್ ಫ್ಲೋರೈಡ್ ಅನಿಲ, ಅದರ ಹತ್ತಿರವೂ ಹೋಗಬಾರದು. ನಮ್ಮ ವಿಧಾನದಲ್ಲಿ 1418 ಡಿಗ್ರಿಗೆ ಕರಗಿದ ದ್ರವ ಇರುವ ಗ್ರಾಫೈಟ್ ಮೂಸೆಯನ್ನು ಗಂಟೆಗೆ 2 ಮಿಲಿಮೀಟರ್‌ನಂತೆ ತಂಪಿನ ಕಡೆ ಇಳಿಸುತ್ತೇವೆ. ಹರಳು ತಳದಿಂದ ಗಟ್ಟಿಯಾಗುತ್ತ ಬರುತ್ತದೆ, ಕಸವನ್ನು ಮೇಲಕ್ಕೆ ತಳ್ಳುತ್ತದೆ. ತುದಿ ತಿಳಿಯಾಗಿದ್ದು ಅದಕ್ಕೇ.

ಬಿಳುಪಿಗಿಂತ ನನಗೆ ಚಿಂತೆ ಜಾಸ್ತಿ ಇರುವುದು ಹೈಡ್ರಾಕ್ಸಿಲ್‌ನದ್ದು, ಅಂದರೆ ಆಕ್ಸಿಜನ್-ಹೈಡ್ರೋಜನ್ ಜೋಡಿಯದ್ದು. ಎರ್ಬಿಯಂ ನಮಗೆ ಬೇಕಾದ ಇನ್‌ಫ್ರಾರೆಡ್ ಬೆಳಕು ಕೊಡುವುದು 2.8 ಮೈಕ್ರಾನ್ ತರಂಗಾಂತರದ ಸುತ್ತ. ನೀರಿನಿಂದ ಬಂದ ಆ ಬಂಧ ಬೆಳಕು ಕುಡಿಯುವುದೂ ಅಲ್ಲೇ. ಆಕ್ಸೈಡ್ ಹರಳುಗಳಲ್ಲಿ ಪರಮಾಣುಗಳ ಅದುರಾಟ ಜೋರು, ಎರ್ಬಿಯಂ ಶಕ್ತಿ ಅದರಲ್ಲೇ ಸೋರಿ ಹೋಗುತ್ತದೆ ಅಂತ ಫ್ಲೋರೈಡ್ ಹಿಡಿದಿದ್ದು, ಈಗ ನೀರೇ ಒಳಗೆ ಬಂದು ಕೂತರೆ ಏನು ಸಾಧಿಸಿದಂತಾಯಿತು? ರೂಬಿ ಲೇಸರ್ ಬಂದ 1960ರಲ್ಲೇ ಐಬಿಎಂನ ಸೊರೊಕಿನ್, ಸ್ಟೀವನ್ಸನ್ ಇದೇ ಕ್ಯಾಲ್ಸಿಯಂ ಫ್ಲೋರೈಡಿಗೆ ಯುರೇನಿಯಂ ಬೆರೆಸಿ ಇನ್‌ಫ್ರಾರೆಡ್ ಲೇಸರ್ ಮಾಡಿದ್ದರು. ಅವರಿಗೆ ಬೆಳಗಾವಿಯ ಜುಲೈ ಗೊತ್ತಿರಲಿಲ್ಲ, ಬಿಡಿ.

ಮುಂದಿನ ಸಲ ಪುಡಿಯನ್ನು ವ್ಯಾಕ್ಯೂಮ್‌ನಲ್ಲಿ ನಿಧಾನ ಒಣಗಿಸಬೇಕು. ಒಂದಿಷ್ಟು ಲೆಡ್ ಫ್ಲೋರೈಡ್ ಕೂಡ ಹಾಕಬೇಕು. ಅದು ಸುಣ್ಣದ ಆಕ್ಸಿಜನ್ ಕಿತ್ತುಕೊಂಡು ಲೆಡ್ ಆಕ್ಸೈಡ್ ಆಗಿ ಆವಿಯಾಗಿಬಿಡುತ್ತದೆ. ತಣಿಸುವಾಗ ಮಾತ್ರ ಅವಸರ ಮಾಡಬಾರದು, ಈ ಹರಳು ಕಾವಿಗೆ ಬಹಳ ಹಿಗ್ಗುತ್ತದೆ, ಬೇಗ ತಣಿದರೆ ಟಿಕ್ ಅಂತ ಸೀಳುತ್ತದೆ.

ಮಧ್ಯಾಹ್ನ ಬಾಟಲಿ ಇಡುವ ಡಬ್ಬಿಗೆ ತೇವ ಹೀರಿದರೆ ಗುಲಾಬಿಯಾಗುವ ಹೊಸ ನೀಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿದ್ದೆ. ಸಂಜೆ ಬೀಗ ಹಾಕುವಾಗ ನೋಡಿದರೆ ಮುಚ್ಚಳದ ಹತ್ತಿರದ ಕಾಳುಗಳು ಆಗಲೇ ಗುಲಾಬಿ ತಿರುಗಿದ್ದವು.