ಸಂತೆ ಪದದ ಚಾರ್ಟು: ಡೇನಿಶ್ ಮನೆ ತುಂಬಿತು!

ಸಂತೆಗೆ ಇರುವ ಒಂದೇ ಮೂಲದ ಪದ ಬೇರೆ ಬೇರೆ ಭಾಷೆಗಳಲ್ಲಿ ಹೇಗಿದೆ ಅಂತ ಚಾರ್ಟು ಬರೆಯುತ್ತಿದ್ದೇನೆ, ಭಾಷೆಗೊಂದು ಮನೆ. ಮೂರು ವಾರದಿಂದ ಡೇನಿಶ್‌ನದೊಂದೇ ಮನೆ ಖಾಲಿ ಇತ್ತು. ನಿನ್ನೆ ರಾತ್ರಿ ಶಾಯಿಯಲ್ಲೇ ಬರೆದೆ. ಖುಷಿಗೆ ನಿದ್ದೆ ಬರಲಿಲ್ಲ.

ರಷ್ಯನ್ ಬಳಗದ ಸ್ಲಾವಿಕ್ ಭಾಷೆಗಳ ಕಡೆ ಜಾಸ್ತಿ ಕಷ್ಟವಾಗಲಿಲ್ಲ. ರಷ್ಯನ್ ತೋರ್ಗ್, ಪೋಲಿಷ್ ತಾರ್ಗ್, ಕ್ರೊಯೇಷಿಯನ್ ತೃಗ್, ಚೆಕ್ ತೃಹ್. ಕೊನೆಯ ಎರಡರಲ್ಲಿ ರಕಾರವೇ ಸ್ವರ. ನಮ್ಮ ಋ ಇದಕ್ಕೇ ಹೇಳಿ ಮಾಡಿಸಿದಂತಿದೆ, ಆದರೆ ದಯವಿಟ್ಟು 'ತ್ರು' ಅಂತ ಓದಬೇಡಿ. ಚೆಕ್‌ನಲ್ಲಿ 'ಸಂತೆಗಳಲ್ಲಿ' ಅನ್ನುವಾಗ ಹಕಾರ ಹೋಗಿ ಜ಼ಕಾರ ಬರುತ್ತದೆ: ತೃಜ಼ೀಖ್. ಎಷ್ಟು ಚೆಂದ, ಅಲ್ವಾ?

ಇದೇ ಪದ ವ್ಯಾಪಾರದ ಜೊತೆ ಉತ್ತರಕ್ಕೆ ಹೋಗಿ ಸ್ವೀಡಿಶ್, ನಾರ್ವೇಜಿಯನ್‌ಗಳಲ್ಲಿ 'ಟೊರ್ಗ್' ಆಯಿತು. ಸ್ಲಾವಿಕ್‌ನಲ್ಲಿ ಪುಲ್ಲಿಂಗ, ಅಲ್ಲಿ ನಪುಂಸಕ. ಸ್ವೀಡಿಶ್‌ನಲ್ಲಿ ಒಂದಿದ್ದರೂ ಟೊರ್ಗ್, ಹತ್ತಿದ್ದರೂ ಟೊರ್ಗ್. 'ಆ ಸಂತೆಚೌಕ' ಅನ್ನಲು ಟೊರ್ಗೆಟ್, 'ಆ ಚೌಕಗಳು' ಅನ್ನಲು ಟೊರ್ಗೆನ್. ಮಾತಿನಲ್ಲಿ ಗಕಾರ ಯಕಾರದಂತೆ ಕೇಳುತ್ತದೆ. ಚಾರ್ಟಿನಲ್ಲಿ ಬರಹದ ರೂಪವನ್ನೇ ಇಟ್ಟಿದ್ದೇನೆ.

ಡೇನಿಶ್ ಮಾತ್ರ 'ಟೊರ್ವ್'. ಕೋಪನ್‌ಹೇಗನ್‌ನ ಗಾಮೆಲ್‌ಟೊರ್ವ್, ನ್ಯೂಟೊರ್ವ್ ಎಲ್ಲ ಇದೇ. ಆ ಗಕಾರ ಎಲ್ಲಿ ಹೋಯಿತು? ಜೌಗು ನೆಲದಿಂದ ಅಗೆದು ಉರುವಲಿಗೆ ಬಳಸುವ ಮಣ್ಣಿಗೂ ಅಲ್ಲಿ ಹೆಚ್ಚುಕಡಿಮೆ ಇದೇ ಪದ, ಒಂದು ಸ್ವರ ಮಾತ್ರ ಬೇರೆ. ಎರಡೂ ಒಂದೇ ಇರಬಹುದು ಅಂತ ಅನುಮಾನ. ಹಳೇ ಡೇನಿಶ್ ನಿಘಂಟು ತರಿಸಿದೆ. ಟಕಾರದ ಹದಿನಾರು ಪುಟಗಳೇ ಇಲ್ಲ! ಮಾರಿದವರನ್ನು ಕೇಳಿದರೆ, 'ಹಳೇ ಪುಸ್ತಕ, ಪುಟ ಎಣಿಸಿ ಕಳಿಸಲ್ಲ ಸಾರ್' ಅಂದರು. ತುಂಬಾ ಬೇಜಾರಾಯಿತು. ದುಡ್ಡಿಗಿಂತ ಕಾದ ಹನ್ನೊಂದು ದಿನ ಹೊಟ್ಟೆ ಉರಿಸಿತು.

ಮೊದಲ ಸುಳಿವು ಸಿಕ್ಕಿದ್ದು ಲಿಂಗದಿಂದ. ಡೇನಿಶ್‌ನಲ್ಲಿ 'ಒಂದು' ಅನ್ನಲು ಪದದ ಲಿಂಗ ನೋಡಿ 'ಎಟ್' ಅಥವಾ 'ಎನ್' ಹಾಕುತ್ತಾರೆ. ಚೌಕಕ್ಕೆ 'ಎಟ್', ಮಣ್ಣಿಗೆ 'ಎನ್'. ಅಂದರೆ ಪದಗಳೇ ಬೇರೆ. ಆಮೇಲೆ ಸುಮ್ನೆ ಕಾಡು, ನೇಗಿಲು ಅಂತ ಪದ ಜೋಡಿಸುತ್ತಾ ಕೂತಿದ್ದೆ. ಸ್ವೀಡಿಶ್ ಸ್ಕೂಗ್, ಡೇನಿಶ್ ಸ್ಕೋವ್. ಪ್ಲೂಗ್, ಪ್ಲೋವ್. ಮೂಳೆಯೊಳಗಿನ ಮಜ್ಜೆಗೆ ಮೆರ್ಗ್, ಮಾರ್ವ್. ಕೈಯಲ್ಲಿದ್ದ ಪೆನ್ಸಿಲ್ ಬಿದ್ದೇ ಹೋಯಿತು! ಗಕಾರ ಕಳೆದಿರಲಿಲ್ಲ, ವಕಾರವಾಗಿತ್ತು. ನಮ್ಮಲ್ಲಿ ಪಾಲು ಹಾಲಾಯಿತು, ಪೂ ಹೂವಾಯಿತು. ಅಲ್ಲೂ ಹಾಗೆಯೇ, ಒಂದು ಪದವಲ್ಲ, ಸಾಲು ಸಾಲು ಪದಗಳು.

ಡೇನಿಶ್ ಬಹುವಚನ 'ಟೊರ್ವೆ'. ಸ್ವೀಡಿಶ್‌ನಂತೆ ಹಾಗೇ ಉಳಿಯುವುದಿಲ್ಲ. ಅದನ್ನೂ ಬರೆದೆ.

ಫಿನ್ಲೆಂಡಿನ ಟುರ್ಕು ಊರಿನ ಹೆಸರೂ ಇದೇ ಸ್ಲಾವಿಕ್ ಪದದ್ದು. ಸಂತೆಬೆನ್ನೂರು ಇದ್ದಹಾಗೆ, ಸಂತೆಯೇ ಊರ ಹೆಸರಾಗಿದೆ. ಅದಕ್ಕೆ ಅಂಚಿನಲ್ಲಿ ಕೆಂಪು ಬಾಣ ಹಾಕಿದ್ದೇನೆ.

ಮುಂದಿನದು 'ಟೊಲ್ಕ್'. ಸ್ವೀಡಿಶ್‌ನಲ್ಲಿ ದುಭಾಷಿ, ರಷ್ಯನ್ನಿನಲ್ಲಿ ಅರ್ಥ, ತಿರುಳು. ಅದೂ ಸ್ಲಾವಿಕ್‌ನಿಂದಲೇ ಹೋದದ್ದು. ಡ್ರಾಯಿಂಗ್ ಶೀಟು ತಂದಾಗಿದೆ. ಈ ಸಲ ಡೇನಿಶ್ ಮನೆಯಿಂದಲೇ ಶುರು ಮಾಡುತ್ತೇನೆ.